ಪರದೆಯೇ ಹೇಳುತ್ತದೆ ತನ್ನ ಕಾಯಿಲೆ

ಜಪಾನಿನ ನಾಮ್ಕೊ ಕಂಪನಿ 1980ರಲ್ಲಿ ‘ಪ್ಯಾಕ್-ಮ್ಯಾನ್’ ಆಟವನ್ನು ಹೊರತಂದಿತು. ಅಮೆರಿಕದಲ್ಲಿ ಅದನ್ನು ಮಿಡ್‌ವೇ ಕಂಪನಿ ಆಳೆತ್ತರದ ಮರದ ಪೆಟ್ಟಿಗೆಗಳಲ್ಲಿ ಕೂರಿಸಿ ಊರೂರಿಗೆ ಕಳಿಸಿತು. ನಾಣ್ಯ ಹಾಕಿ ಆಡುವ ಇಂಥ ಆರ್ಕೇಡ್ ಯಂತ್ರಗಳನ್ನು ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಬಂದವರಿದ್ದಾರೆ. ಯಾವ ಭಾಗ ಹೆಚ್ಚು ಕಾಡುತ್ತದೆ ಎಂದು ಕೇಳಿದರೆ ಅವರಲ್ಲಿ ಹೆಚ್ಚಿನವರು ಮಾನಿಟರಿನತ್ತಲೇ ಬೆರಳು ತೋರಿಸುತ್ತಾರೆ.

ಅದಕ್ಕೆ ಕಾರಣವಿದೆ. ಆಟದ ಲೆಕ್ಕಾಚಾರ ನಡೆಸುವ ಬೋರ್ಡಿಗೆ ಐದು ವೋಲ್ಟ್ ಇದ್ದರೆ ಸಾಕು. ಮಾನಿಟರಿಗೆ ನೂರಕ್ಕೂ ಹೆಚ್ಚು ವೋಲ್ಟ್ ಬೇಕು. ಅದರಿಂದ ಇಪ್ಪತ್ತು ಸಾವಿರ ವೋಲ್ಟ್‌ನ ಆಸುಪಾಸಿನ ಒತ್ತಡವನ್ನು ತಾನೇ ಹುಟ್ಟಿಸಿ ಪಿಕ್ಚರ್ ಟ್ಯೂಬಿಗೆ ಕೊಡಬೇಕು. ಗಾಳಿಯಾಡದ ಪೆಟ್ಟಿಗೆಯೊಳಗೆ, ಅಂಗಡಿಯ ಬಾಗಿಲು ತೆರೆದಾಗಿನಿಂದ ಮುಚ್ಚುವವರೆಗೆ, ವರ್ಷಗಟ್ಟಲೆ ಅದು ಈ ಕೆಲಸ ಮಾಡಿದೆ. ಅಲ್ಲಿನ ಬಿಸಿಗೆ ಕೆಪಾಸಿಟರ್‌ಗಳು ಒಣಗುತ್ತವೆ, ಬೆಸುಗೆಗಳು ಬಿರಿಯುತ್ತವೆ. ಅವನ್ನು ಪತ್ತೆಹಚ್ಚಿ ಪರದೆಗೆ ಮತ್ತೆ ಜೀವ ಕೊಡುವುದು ಒಂದು ಪೂರ್ಣ ಪ್ರಮಾಣದ ಕಸುಬು.

ಟಿವಿಯ ಒಡಹುಟ್ಟು

ಆರ್ಕೇಡ್ ಮಾನಿಟರ್ ಹುಟ್ಟಿದ್ದೇ ಟಿವಿಯಿಂದ. 1972ರಲ್ಲಿ ಅಟಾರಿಯ ಎಂಜಿನಿಯರ್ ಆಲನ್ ಆಲ್ಕಾರ್ನ್ ‘ಪಾಂಗ್’ ಆಟದ ಮೊದಲ ಮಾದರಿಗೆ ಬಳಸಿದ್ದು ಅಂಗಡಿಯಿಂದ ತಂದ ಹಿಟಾಚಿ ಕಂಪನಿಯ ಕಪ್ಪು-ಬಿಳುಪು ಟಿವಿಯನ್ನು. ಆಮೇಲೆ ಈ ಉದ್ಯಮಕ್ಕೆಂದೇ ಮಾನಿಟರ್ ಮಾಡುವ ಕಂಪನಿಗಳು ಮುಂದೆ ಬಂದವು. ರೇಡಿಯೊ ತಯಾರಿಕೆಯಿಂದ ಆರಂಭಿಸಿದ್ದ ಷಿಕಾಗೋದ ವೆಲ್ಸ್-ಗಾರ್ಡ್ನರ್, ಕೆನಡಾದ ಕಿಚನರ್ ನಗರದ ಎಲೆಕ್ಟ್ರೋಹೋಮ್, ಜಪಾನಿನ ಸಾನ್ಯೊ ಇವುಗಳಲ್ಲಿ ಪ್ರಮುಖವಾದವು. ವೆಲ್ಸ್-ಗಾರ್ಡ್ನರ್ ಕೆ4600, ಎಲೆಕ್ಟ್ರೋಹೋಮ್ ಜಿ07, ಸಾನ್ಯೊ 20ಇಝಡ್ ಎಂಬ ಹೆಸರುಗಳನ್ನು ರಿಪೇರಿ ಮಾಡುವವರು ಇವತ್ತಿಗೂ ಪರಿಚಿತರ ಹೆಸರು ಹೇಳಿದಷ್ಟು ಸಲೀಸಾಗಿ ಹೇಳುತ್ತಾರೆ.

ಒಳಗಿನ ಅಂಗಗಳು ನಾಲ್ಕು. ಗಾಜಿನ ಪಿಕ್ಚರ್ ಟ್ಯೂಬ್, ಅದರ ಕುತ್ತಿಗೆಗೆ ಸುತ್ತಿಕೊಂಡ ತಾಮ್ರದ ಸುರುಳಿಯಾದ ಯೋಕ್, ಕುತ್ತಿಗೆಯ ತುದಿಗೆ ಚುಚ್ಚಿಕೊಂಡ ನೆಕ್ ಬೋರ್ಡ್, ಎಲ್ಲಕ್ಕೂ ವಿದ್ಯುತ್ ಒದಗಿಸುವ ಚಾಸಿ. ಟ್ಯೂಬಿನ ಹಿಂದಿನಿಂದ ಹೊರಟ ಎಲೆಕ್ಟ್ರಾನ್ ಕಿರಣವನ್ನು ಯೋಕ್ ಕಾಂತಬಲದಿಂದ ಬಾಗಿಸುತ್ತದೆ. ಕಾಪಿ ಪುಸ್ತಕದಲ್ಲಿ ಸಾಲು ಸಾಲಾಗಿ ಬರೆದಂತೆ ಕಿರಣ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಚಲಿಸುತ್ತದೆ. ಸೆಕೆಂಡಿಗೆ ಸುಮಾರು 15,750 ಸಾಲು, ಸುಮಾರು 60 ಪುಟ. ‘ಪ್ಯಾಕ್-ಮ್ಯಾನ್’ನಂಥ ಆಟಗಳಲ್ಲಿ ಇಡೀ ಮಾನಿಟರನ್ನೇ ಪಕ್ಕಕ್ಕೆ ತಿರುಗಿಸಿ ನಿಲ್ಲಿಸಿರುವುದರಿಂದ ಅಲ್ಲಿ ಸಾಲುಗಳೂ ನೆಟ್ಟಗೆ ನಿಂತಿರುತ್ತವೆ.

ಮೊದಲು ಜೀವ, ಆಮೇಲೆ ರಿಪೇರಿ

ಈ ಕಸುಬಿನ ಮೊದಲ ಪಾಠ ಸುರಕ್ಷತೆ. ಪಿಕ್ಚರ್ ಟ್ಯೂಬ್ ತಾನೇ ಒಂದು ದೊಡ್ಡ ಕೆಪಾಸಿಟರ್. ಪ್ಲಗ್ ಕಿತ್ತು ದಿನಗಳೇ ಕಳೆದರೂ ಅದರಲ್ಲಿ ವಿದ್ಯುತ್ ಉಳಿದಿರಬಹುದು. ಆದ್ದರಿಂದ ಒಳಗೆ ಕೈ ಹಾಕುವ ಮುನ್ನ, ಪ್ಲಗ್ ಕಿತ್ತ ಮೇಲೆ, ಟ್ಯೂಬಿನ ಹಿಂಬದಿಯ ಗ್ರೌಂಡ್ ತಂತಿಗೆ ಕ್ಲಿಪ್ ಮಾಡಿದ ವೈರನ್ನು ಉದ್ದನೆಯ ಸ್ಕ್ರೂಡ್ರೈವರಿಗೆ ಕಟ್ಟಿ, ಅದರ ತುದಿಯನ್ನು ಟ್ಯೂಬಿನ ಮೇಲಿನ ರಬ್ಬರ್ ಟೋಪಿಯ ಅಡಿಗೆ ತೂರಿಸುತ್ತಾರೆ. ‘ಚಟ್’ ಎಂದು ಸದ್ದಾದರೆ ಉಳಿದಿದ್ದ ವಿದ್ಯುತ್ ಹರಿದುಹೋಯಿತೆಂದು ಅರ್ಥ. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಹಾಗೇ ಮಾಡುತ್ತಾರೆ, ಏಕೆಂದರೆ ಒಂದಿಷ್ಟು ವಿದ್ಯುತ್ ಮತ್ತೆ ಕೂಡಿಕೊಳ್ಳಬಹುದು. ಉಂಗುರ, ಕೈಗಡಿಯಾರ ಕಳಚಿಡಬೇಕು. ಯಂತ್ರ ಚಾಲೂ ಇದ್ದಾಗ ಅಳತೆ ಮಾಡುವುದಿದ್ದರೆ ಒಂದೇ ಕೈ ಬಳಸಿ, ಇನ್ನೊಂದನ್ನು ಬೆನ್ನ ಹಿಂದೆ ಇಟ್ಟುಕೊಳ್ಳಬೇಕು.

ಇನ್ನೊಂದು ಅಪಾಯ ಹೊಸಬರಿಗೆ ಕಾಣುವುದಿಲ್ಲ. ಆ ಕಾಲದ ಅನೇಕ ಮಾನಿಟರ್‌ಗಳ ಚಾಸಿ ನೇರವಾಗಿ ಮೇನ್ಸ್ ವಿದ್ಯುತ್ತಿಗೇ ತಾಗಿಕೊಂಡಿರುತ್ತದೆ. ಪೆಟ್ಟಿಗೆಯೊಳಗಿನ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಅದನ್ನು ಬೇರ್ಪಡಿಸುತ್ತದೆ. ಆ ಮಾನಿಟರನ್ನು ಹೊರತೆಗೆದು ಮೇಜಿನ ಮೇಲಿಟ್ಟು ಗೋಡೆಯ ಸಾಕೆಟ್ಟಿಗೇ ಚುಚ್ಚಿದರೆ ಚಾಸಿಯೂ ಸುಡಬಹುದು, ಮುಟ್ಟಿದವರ ಜೀವವೂ ಹೋಗಬಹುದು. ಬಲ್ಲವರ ಪಕ್ಕದಲ್ಲಿ ಕೂತು ನೋಡದೆ ಈ ಕೆಲಸಕ್ಕೆ ಯಾರೂ ಇಳಿಯಬಾರದು.

ನೋಡುವುದೇ ಅರ್ಧ ರಿಪೇರಿ

ಅನುಭವಿ ಕೈಗಳು ಮೊದಲು ಸೋಲ್ಡರಿಂಗ್ ಐರನ್ ಹಿಡಿಯುವುದಿಲ್ಲ. ಕೆಟ್ಟ ಚಿತ್ರವನ್ನು ಸಾವಧಾನವಾಗಿ ನೋಡುತ್ತವೆ. ಪ್ರತಿಯೊಂದು ದೋಷಕ್ಕೂ ಪರದೆಯ ಮೇಲೆ ಅದರದೇ ಗುರುತು ಇರುತ್ತದೆ.

ಸಾಲುಗಳೆಲ್ಲ ಕುಸಿದು ನಡುವೆ ಒಂದೇ ಒಂದು ಹೊಳೆಯುವ ಗೆರೆಯಾಗಿ ಸೇರಿಕೊಂಡಿದ್ದರೆ, ಕಿರಣವನ್ನು ಒಂದು ಸಾಲಿನಿಂದ ಮುಂದಿನ ಸಾಲಿಗೆ ಇಳಿಸುವ ವರ್ಟಿಕಲ್ ವಿಭಾಗ ಸತ್ತಿದೆ ಎಂದರ್ಥ. ಅಲ್ಲಿನ ಟ್ರಾನ್ಸಿಸ್ಟರ್, ರೆಸಿಸ್ಟರ್ ಅಥವಾ ಯೋಕಿನ ಕನೆಕ್ಟರಿನ ಬೆಸುಗೆ ಹೋಗಿರುತ್ತದೆ. ಇಂಥ ವೇಳೆ ಬೆಳಕನ್ನು ಕೂಡಲೇ ತಗ್ಗಿಸಬೇಕು, ಇಲ್ಲವಾದರೆ ಆ ಗೆರೆ ಪರದೆಯ ಒಳಲೇಪವನ್ನು ಶಾಶ್ವತವಾಗಿ ಸುಡುತ್ತದೆ. ಚಿತ್ರದ ಒಂದು ಅಂಚು ಮಡಚಿಕೊಂಡಿದ್ದರೆ, ಅಥವಾ ಚಿತ್ರ ನಡುಗುತ್ತ ಅಂಕುಡೊಂಕಾಗಿದ್ದರೆ ಅನುಮಾನ ಒಣಗಿದ ಕೆಪಾಸಿಟರ್‌ಗಳ ಮೇಲೆ.

ಕೆಂಪು ಬಣ್ಣವೇ ಇಲ್ಲ ಎನ್ನೋಣ. ಬೋರ್ಡಿನಿಂದ ಬರುವ ಕೆಂಪು ಮತ್ತು ಹಸಿರು ತಂತಿಗಳನ್ನು ಅದಲುಬದಲು ಮಾಡಿ ನೋಡುತ್ತಾರೆ. ಈಗಲೂ ಕಾಣೆಯಾಗಿರುವುದು ಕೆಂಪೇ ಆದರೆ ದೋಷ ಮಾನಿಟರಿನದು, ಹಸಿರು ಮಾಯವಾದರೆ ಆಟದ ಬೋರ್ಡಿನದು. ಇಷ್ಟು ಸಣ್ಣ ಪರೀಕ್ಷೆ ಗಂಟೆಗಟ್ಟಲೆ ದುಡಿಮೆ ಉಳಿಸುತ್ತದೆ. ಹೀಗೆ ನೋಡುವಾಗ ಯಂತ್ರದ ಜಾತಕವೂ ಗೊತ್ತಿರಬೇಕು. 1981ರ ನಿಂಟೆಂಡೊ ಆಟ ‘ಡಾಂಕಿ ಕಾಂಗ್’ ತನ್ನ ಚಿತ್ರಸಂಕೇತವನ್ನು ತಲೆಕೆಳಗು ಮಾಡಿ ಕಳಿಸುತ್ತದೆ. ಅದರ ಸಾನ್ಯೊ ಮಾನಿಟರ್ ಅದನ್ನು ಅರ್ಥಮಾಡಿಕೊಳ್ಳುತ್ತದೆ, ಬೇರೆ ಮಾನಿಟರ್ ಹಾಕಿದರೆ ಫೋಟೊದ ನೆಗೆಟಿವ್‌ನಂಥ ಬಣ್ಣಗಳು ಮೂಡುತ್ತವೆ. ಅಲ್ಲಿ ಮಾನಿಟರ್ ಕೆಟ್ಟಿಲ್ಲ, ಜೋಡಿ ಸರಿಯಿಲ್ಲ ಅಷ್ಟೆ.

ಪರದೆ ಪೂರ್ತಿ ಕಪ್ಪಾಗಿದ್ದರೆ ಕಣ್ಣು ಟ್ಯೂಬಿನ ಕುತ್ತಿಗೆಗೆ ಹೋಗುತ್ತದೆ. ಅಲ್ಲಿ ಕಿತ್ತಳೆ ಬಣ್ಣದ ಮಿಣುಕು ಇದೆಯೇ? ಚಾಲೂ ಮಾಡಿದಾಗ ಪರದೆಯ ಮೇಲೆ ಚರಚರ ಸದ್ದಾಯಿತೇ? ಎರಡೂ ಇಲ್ಲದೆ ಫ್ಯೂಸ್ ಸುಟ್ಟಿದ್ದರೆ ಹಾರಿಜಾಂಟಲ್ ಔಟ್‌ಪುಟ್ ಟ್ರಾನ್ಸಿಸ್ಟರನ್ನು ಮಲ್ಟಿಮೀಟರಿನಲ್ಲಿ ಅಳೆಯುತ್ತಾರೆ. ಅದು ಶಾರ್ಟ್ ಆಗಿದ್ದರೆ, ಅದನ್ನು ಕೊಂದದ್ದು ಯಾವುದು ಎಂಬುದೇ ಮುಂದಿನ ಪ್ರಶ್ನೆ. ಹಲವು ಸಲ ಉತ್ತರ ಫ್ಲೈಬ್ಯಾಕ್ ಟ್ರಾನ್ಸ್‌ಫಾರ್ಮರ್, ಅಂದರೆ ನಮ್ಮ ಟಿವಿ ಮೆಕ್ಯಾನಿಕ್‌ಗಳ ಇಎಚ್‌ಟಿ. ಕಾರಣ ಹುಡುಕದೆ ಹೊಸ ಟ್ರಾನ್ಸಿಸ್ಟರ್ ಹಾಕಿದರೆ ಅದೂ ಕ್ಷಣದಲ್ಲಿ ಸುಡುತ್ತದೆ. ಅದಕ್ಕೇ ಫ್ಯೂಸಿನ ಜಾಗದಲ್ಲಿ ಸಾಮಾನ್ಯ ಬಲ್ಬೊಂದನ್ನು ಜೋಡಿಸಿ ಪರೀಕ್ಷಿಸುವವರಿದ್ದಾರೆ. ಶಾರ್ಟ್ ಇನ್ನೂ ಉಳಿದಿದ್ದರೆ ಬಲ್ಬ್ ಧಗ್ಗನೆ ಉರಿದು, ವಿದ್ಯುತ್ತಿನ ಹೊಡೆತವನ್ನು ತಾನೇ ತಡೆದುಕೊಳ್ಳುತ್ತದೆ.

ರೋಗ ತಿಳಿದ ಮೇಲೆ ಚಿಕಿತ್ಸೆ ನೇರ. ಹಳೆಯ ಎಲೆಕ್ಟ್ರೊಲಿಟಿಕ್ ಕೆಪಾಸಿಟರ್‌ಗಳನ್ನು ಒಟ್ಟಾಗಿ ಬದಲಿಸುತ್ತಾರೆ. ಒಂದೊಂದು ಮಾಡೆಲಿಗೂ ಬೇಕಾದಷ್ಟನ್ನು ಕಟ್ಟಿಕೊಡುವ ‘ಕ್ಯಾಪ್ ಕಿಟ್’ ಸಿಗುತ್ತದೆ. ಪ್ಲಸ್-ಮೈನಸ್ ತಪ್ಪದಂತೆ ಕೂರಿಸಿ, ಕನೆಕ್ಟರುಗಳ ಬುಡದಲ್ಲಿ ಉಂಗುರದಂತೆ ಬಿರಿದ ಬೆಸುಗೆಗಳನ್ನು ಹೊಸದಾಗಿ ಹರಿಸುತ್ತಾರೆ. ಕೊನೆಗೆ ಚೌಕುಳಿ ಚಿತ್ರವೊಂದನ್ನು ಪರದೆಗೆ ತಂದು ಕೆಂಪು, ಹಸಿರು, ನೀಲಿ ಕಿರಣಗಳು ಒಂದರ ಮೇಲೊಂದು ಕೂರುವಂತೆ ಹೊಂದಿಸುತ್ತಾರೆ. ತಾಳ್ಮೆ ಹೆಚ್ಚು ಬೇಡುವುದು ಈ ಹಂತವೇ.

ಬದಲಿ ಇಲ್ಲದ ಗಾಜು

ಹಳೆ ಮಾನಿಟರ್ ಕಿತ್ತು ಎಲ್‌ಸಿಡಿ ಹಾಕಿದರಾಯಿತಲ್ಲ ಎನ್ನುವವರಿದ್ದಾರೆ. ಆಗ ಉಳಿಯುವುದು ಆಟದ ನಿಯಮ ಮಾತ್ರ, ಆಟದ ರೂಪವಲ್ಲ. ‘ಪ್ಯಾಕ್-ಮ್ಯಾನ್’ ಚಿತ್ರದಲ್ಲಿರುವುದು 224 ಮತ್ತು 288 ಚುಕ್ಕೆಗಳ ಪುಟ್ಟ ಜಾಲರಿ. ಟ್ಯೂಬಿನ ಸಾಲುಗಳ ನಡುವಿನ ತೆಳುಗತ್ತಲು, ಚುಕ್ಕೆಯ ಅಂಚಿನ ಮೃದು ಹೊಳಪು ಸೇರಿಯೇ ಅದು ದುಂಡಗೆ ಕಾಣುತ್ತಿತ್ತು. ಅಟಾರಿಯ ‘ಆಸ್ಟರಾಯ್ಡ್ಸ್’ (1979), ‘ಟೆಂಪೆಸ್ಟ್’ (1981) ಆಟಗಳ ವೆಕ್ಟರ್ ಮಾನಿಟರುಗಳಲ್ಲಂತೂ ಸಾಲುಗಳೇ ಇಲ್ಲ. ಕಿರಣವೇ ಲೇಖನಿಯಾಗಿ ಗೆರೆಗಳನ್ನು ನೇರ ಎಳೆಯುತ್ತದೆ. ‘ಆಸ್ಟರಾಯ್ಡ್ಸ್’ನಲ್ಲಿ ಹಾರುವ ಗುಂಡಿನ ಕಣ್ಣು ಕೋರೈಸುವ ಬೆಳಕು ಚುಕ್ಕೆಗಳ ಜಾಲರಿಯಲ್ಲಿ ಬಾರದು.

ಕೆಪಾಸಿಟರನ್ನು, ಟ್ರಾನ್ಸಿಸ್ಟರನ್ನು ಹೊಸದಾಗಿ ಕೊಳ್ಳಬಹುದು. ಫ್ಲೈಬ್ಯಾಕಿಗೂ ಬದಲಿ ಹುಡುಕಬಹುದು. ಆದರೆ ಈ ಅಳತೆಯ ಟ್ಯೂಬುಗಳನ್ನು ಕಾರ್ಖಾನೆಗಳು ಈಗ ಮಾಡುತ್ತಿಲ್ಲ. ಹೀಗಾಗಿ ಮೂಲೆಗೆ ಬಿದ್ದ 19 ಇಂಚಿನ ಹಳೆ ಟಿವಿಯ ಟ್ಯೂಬನ್ನೇ ತೆಗೆದು, ಯೋಕ್ ಹೊಂದಿಸಿ ಆರ್ಕೇಡ್ ಯಂತ್ರಕ್ಕೆ ಕೂರಿಸುವವರಿದ್ದಾರೆ. ಎಸೆದ ಪ್ರತಿ ಟ್ಯೂಬ್, ಅಜಾಗರೂಕತೆಯಿಂದ ಮುರಿದ ಪ್ರತಿ ಗಾಜಿನ ಕುತ್ತಿಗೆ ಜಗತ್ತಿನ ದಾಸ್ತಾನಿನಿಂದ ಒಂದನ್ನು ಕಳೆಯುತ್ತದೆ.

ನ್ಯೂ ಹ್ಯಾಂಪ್‌ಷೈರ್‌ನ ಲಕೋನಿಯಾದಲ್ಲಿರುವ ಫನ್‌ಸ್ಪಾಟ್‌ನೊಳಗಿನ ಅಮೆರಿಕನ್ ಕ್ಲಾಸಿಕ್ ಆರ್ಕೇಡ್ ಮ್ಯೂಸಿಯಂನಲ್ಲಿ ಹಳೆಯ ಯಂತ್ರಗಳು ಆಡಲೆಂದೇ ಚಾಲೂ ಇವೆ. ಗಾಜಿನ ಕಪಾಟಿನಲ್ಲಿಟ್ಟರೆ ಪೆಟ್ಟಿಗೆ ಉಳಿದೀತು. ಆಟ ಉಳಿಯಬೇಕಾದರೆ ಅದು ಉರಿಯಬೇಕು, ಉರಿದದ್ದು ಕೆಡುತ್ತದೆ, ಕೆಟ್ಟದ್ದನ್ನು ರಿಪೇರಿ ಮಾಡುವವರು ಬೇಕು.

ಈ ವಿದ್ಯೆ ಕನ್ನಡನಾಡಿಗೆ ಹೊಸದಲ್ಲ. ಬೆಂಗಳೂರಿನ ಬಿಇಎಲ್ ಒಂದು ಕಾಲಕ್ಕೆ ಕಪ್ಪು-ಬಿಳುಪು ಟಿವಿಗಳ ಪಿಕ್ಚರ್ ಟ್ಯೂಬ್ ತಯಾರಿಸುತ್ತಿತ್ತು. ನಮ್ಮ ಟಿವಿಗಳ ಕಿರಣ ಸೆಕೆಂಡಿಗೆ 15,625 ಸಾಲು ಎಳೆಯುತ್ತಿತ್ತು, ಆರ್ಕೇಡ್ ಮಾನಿಟರಿನ ಲೆಕ್ಕಕ್ಕೆ ತೀರ ಹತ್ತಿರ. ಪೇಟೆಯ ಬೀದಿಯಲ್ಲಿ ಇಎಚ್‌ಟಿ ಬದಲಿಸುತ್ತಿದ್ದ, ಡ್ರೈ ಸೋಲ್ಡರ್ ಹುಡುಕುತ್ತಿದ್ದ ಮೆಕ್ಯಾನಿಕ್‌ಗಳು ಇದೇ ಕಸುಬಿನವರು. ಪರದೆಯ ಒಂದು ಗೆರೆ ಕಂಡೊಡನೆ ಕೆಟ್ಟ ಭಾಗ ಹೇಳಬಲ್ಲ ಅವರ ಕಣ್ಣು ಯಾವ ಕಿಟ್ಟಿನಲ್ಲೂ ಸಿಗುವುದಿಲ್ಲ. ಎಲೆಕ್ಟ್ರಾನಿಕ್ಸ್ ಓದುತ್ತಿರುವ ಹುಡುಗ ಹುಡುಗಿಯರು ಅಂಥವರ ಮೇಜಿನ ಪಕ್ಕ ಒಂದಷ್ಟು ದಿನ ಕೂರಲಿ. ಅವರು ಕೆಲಸ ಮಾಡುತ್ತಿರುವಾಗಲೇ ಕೇಳಿ, ಬರೆದಿಟ್ಟುಕೊಂಡು, ಕೈಯಾರೆ ಮಾಡಿ ಕಲಿಯಲಿ.