ಹೊನ್ನವಳ್ಳಿ ರೋಡ್

ತಿಪಟೂರಿನಿಂದ ಅರಸೀಕೆರೆಗೆ ಹೋಗುವ ರೈಲುದಾರಿಯಲ್ಲಿ ‘ಹೊನ್ನವಳ್ಳಿ ರೋಡ್’ ಎಂಬ ಸಣ್ಣದೊಂದು ನಿಲ್ದಾಣವಿದೆ. ವೇಗದ ಗಾಡಿಗಳು ಅದನ್ನು ಲಕ್ಷಿಸದೆ ಓಡುತ್ತವೆ. ಹೆಸರಿನ ತುದಿಯಲ್ಲಿರುವ ‘ರೋಡ್’ ಎಂಬುದರ ಮರ್ಮವನ್ನು ವಾಚಕರು ಬಲ್ಲರು: ಊರು ಇಲ್ಲಿಲ್ಲ, ಊರಿನ ದಾರಿ ಮಾತ್ರ ಇಲ್ಲಿದೆ. ಸಂಪಿಗೆ ರೋಡಿನದೂ ಇದೇ ಕಥೆ. ತುರುವೇಕೆರೆಯವರು ಬಾಣಸಂದ್ರದಲ್ಲಿ ಇಳಿಯಬೇಕು. ಚಿಕ್ಕನಾಯಕನಹಳ್ಳಿಗಂತೂ ಆ ಭಾಗ್ಯವೂ ಒದಗಲಿಲ್ಲ.

1876-78ರ ಘೋರ ಕ್ಷಾಮದಲ್ಲಿ ಧಾನ್ಯವನ್ನು ಒಳನಾಡಿಗೆ ಮುಟ್ಟಿಸಲಾಗದೆ ಜನರು ಸತ್ತುದನ್ನು ಕಂಡಮೇಲೆ ಮೈಸೂರು ಸಂಸ್ಥಾನವು ರೈಲುದಾರಿಗೆ ಕೈಹಾಕಿ, 1884ರಲ್ಲಿ ಬೆಂಗಳೂರಿನಿಂದ ತುಮಕೂರಿನವರೆಗೆ ಗಾಡಿಯನ್ನು ಓಡಿಸಿತು. ಹಣದ ಮುಗ್ಗಟ್ಟಿನಿಂದ 1886ರಲ್ಲಿ ದಾರಿಯು ಸದರ್ನ್ ಮರಾಠಾ ಕಂಪೆನಿಯ ವಶಕ್ಕೆ ಹೋಯಿತು. 1889ರಲ್ಲಿ ಆ ಕಂಪೆನಿಯೇ ಅದನ್ನು ಹರಿಹರಕ್ಕೆ ಮುಟ್ಟಿಸಿತು. ಪ್ರಜೆಗಳ ಬೊಕ್ಕಸದಿಂದ ಮೊದಲಾದುದು ಪರದೇಶದ ಪಾಲುದಾರರ ಲಾಭದ ಬಾಬಾದುದನ್ನು ಯಾರು ತಾನೆ ಸಂತೋಷದಿಂದ ನೆನೆಯಬಲ್ಲರು?

ಹೊನ್ನವಳ್ಳಿಯಾದರೋ ಅಲ್ಪ ಗ್ರಾಮವಲ್ಲ. ಒಂದು ಕಾಲಕ್ಕೆ ತಾಲ್ಲೂಕಿಗೇ ಅದರ ಹೆಸರಿದ್ದಿತು. ಅಲ್ಲಿಯ ಗಂಗಾಪಾಣಿ ತೆಂಗಿನ ಸಿಹಿಯನ್ನು ರೈಸ್ ಸಾಹೇಬರು ತಮ್ಮ ಗೆಜೆಟಿಯರಿನಲ್ಲಿ ಪ್ರಶಂಸಿಸಿದ್ದಾರೆ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ತಾಲ್ಲೂಕಿನ ಹೆಸರು ತಿಪಟೂರಿನದಾಯಿತು. ರೈಲು, ಸಂತೆ, ಮಂಡಿಗಳೆಲ್ಲವೂ ಅಲ್ಲಿಯೇ ನೆಲೆಗೊಂಡುದರಿಂದ ಹಳೆಯ ಕಸಬೆಯು ಮರಳಿ ತಲೆಯೆತ್ತಲಿಲ್ಲ.

ಈ ಸೀಮೆಯ ಉಂಡೆ ಕೊಬ್ಬರಿಯು ಆತುರದ ಸರಕಲ್ಲ. ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ತಾನಾಗಿ ಇಂಗಿ ಕೊಬ್ಬರಿಯು ಚಿಪ್ಪಿನಿಂದ ಬಿಟ್ಟುಕೊಳ್ಳುವವರೆಗೆ ಸುಮಾರು ಒಂದು ವರ್ಷ ಕಾಯಬೇಕು. ಅಷ್ಟು ಕಾದ ಮಾಲು ಉತ್ತರ ಹಿಂದೂಸ್ಥಾನದ ಪೇಟೆಗಳನ್ನು ಸೇರಲು ಸಾವಿರಾರು ಮೈಲಿ ಸಾಗಬೇಕು. ಇಂಥ ಮಾಲಿಗೆ ರೈಲಿಗಿಂತ ಒಪ್ಪುವ ವಾಹನವುಂಟೇ?

ಆದರೆ ರೈಲ್ವೆಯವರ ಎಣಿಕೆಯೇ ಬೇರೆ. 1980ರ ದಶಕದಿಂದೀಚೆಗೆ ಬಿಡಿ ವ್ಯಾಗನ್ನುಗಳ ಸಾಗಣೆಯನ್ನು ಕಡಿಮೆಮಾಡುತ್ತ ಬಂದು, ಒಂದೇ ಕಡೆಗೆ ಹೋಗುವ ಇಡೀ ಗಾಡಿಯ ಸರಕಿಗೇ ಆದ್ಯತೆಯಿತ್ತರು. ಕಲ್ಲಿದ್ದಲು, ಅದಿರು, ಸಿಮೆಂಟುಗಳಿಗೆ ಅದು ಸಲ್ಲುತ್ತದೆ. ಹತ್ತು ಮೂಟೆಯ ರೈತನಿಗೆ ಸಲ್ಲದು. 1990ರ ದಶಕದಲ್ಲಿ ಮೀಟರ್ ಗೇಜ್ ಹಳಿಗಳನ್ನು ಕಿತ್ತು ಬ್ರಾಡ್ ಗೇಜ್ ಹಾಕಿದರು. ವೇಗವು ಹೆಚ್ಚಿತು, ಹಳ್ಳಿಯ ನಿಲ್ದಾಣಕ್ಕೆ ಸರಕು ಮರಳಲಿಲ್ಲ. ವೆಚ್ಚವನ್ನು ಉಳಿಸಿದೆವೆಂದು ಅಧಿಕಾರಿಗಳು ಹೇಳಬಹುದು. ಆ ವೆಚ್ಚವು ಲಾರಿಯ ಬಾಡಿಗೆಯಾಗಿ ಬೆಳೆಗಾರನ ಲೆಕ್ಕಕ್ಕೆ ಬಿದ್ದಿದೆಯೆಂಬುದನ್ನು ಅವರ ವರದಿಗಳು ಕಾಣಿಸವು.

ಹಲವು ಮಂಡಿಗಳ ಮಾಲನ್ನು ತಿಪಟೂರಿನಲ್ಲಿ ಒಂದುಗೂಡಿಸಿ, ಗೊತ್ತಾದ ದಿನಗಳಲ್ಲಿ ಉತ್ತರಕ್ಕೆ ಹೋಗುವ ಗಾಡಿಗೆ ಕೆಲವು ವ್ಯಾಗನ್ನುಗಳನ್ನು ಜೋಡಿಸುವುದು ಅಸಾಧ್ಯದ ಕಾರ್ಯವೇನಲ್ಲ. ವರ್ತಕರೂ ಬೆಳೆಗಾರರೂ ಕೂಡಿ ಇದನ್ನು ರೈಲ್ವೆಯ ಮುಂದಿಡಬೇಕು.