ಕಡಲು ನುಂಗಿದ ಚಿನ್ನ ಯಾರದು?

ಬೆರಳಿನಿಂದ ಜಾರಿ ಕಡಲಿಗೆ ಬಿದ್ದ ಬಂಗಾರದ ಉಂಗುರ ಅಲೆಯೊಂದಿಗೆ ದೂರ ತೇಲಿಹೋಗುವುದಿಲ್ಲ. ಭಾರವಾದುದರಿಂದ ಬಿದ್ದಲ್ಲಿಯೇ ಮರಳಿಗೆ ಇಳಿಯುತ್ತದೆ. ಗಟ್ಟಿಪದರವೊಂದು ಸಿಗುವ ತನಕ ಅಲೆಗಳು ಅದನ್ನು ಕೆಳಕ್ಕೆ ಇಳಿಸುತ್ತಲೇ ಇರುತ್ತವೆ. ಮುಂದೊಂದು ದಿನ ಬಿರುಗಾಳಿ ದಡವನ್ನು ಕೊರೆದಾಗ ಮತ್ತೆ ಕೈಗೆಟುಕುವಷ್ಟು ಹತ್ತಿರವಾಗುತ್ತದೆ. ಇಂಗ್ಲೆಂಡ್, ಫ್ಲಾರಿಡಾಗಳ ತೀರದಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು, ಹೆಡ್‌ಫೋನ್ ಧರಿಸಿ ಲೋಹಶೋಧಕ ಆಡಿಸುವ ಹವ್ಯಾಸಿಗಳು ನೆಚ್ಚಿರುವುದು ಈ ನಿಯಮವನ್ನೇ.

ಉಪ್ಪುನೀರು ಸ್ವತಃ ವಿದ್ಯುದ್ವಾಹಕ. ನೆಲದ ಮೇಲೆ ಬಳಸುವ ಸಾಮಾನ್ಯ ಉಪಕರಣವನ್ನು ಅಲೆಯೊಳಗೆ ಅದ್ದಿದರೆ ಅದು ಸಮುದ್ರವನ್ನೇ ಲೋಹವೆಂದು ಭ್ರಮಿಸಿ ಕಿರುಚತೊಡಗುತ್ತದೆ. ಇದಕ್ಕೆ ಕಂಡುಕೊಂಡ ಒಂದು ಉಪಾಯ ‘ಪಲ್ಸ್ ಇಂಡಕ್ಷನ್’. ತಂತಿಸುರುಳಿಯಲ್ಲಿ ವಿದ್ಯುತ್ತನ್ನು ಕ್ಷಣಮಾತ್ರ ಹರಿಸಿ ತಟ್ಟನೆ ನಿಲ್ಲಿಸಿದರೆ ಸುತ್ತಲಿನ ವಾಹಕಗಳಲ್ಲಿ ಸುಳಿವಿದ್ಯುತ್ ಹುಟ್ಟುತ್ತದೆ. ಉಪ್ಪುನೀರಿನಲ್ಲಿ ಅದು ಬೇಗನೆ ಅಡಗುತ್ತದೆ, ಲೋಹದಲ್ಲಿ ತುಸು ಹೆಚ್ಚು ಹೊತ್ತು ಉಳಿಯುತ್ತದೆ. ಕೆಲವೇ ಮೈಕ್ರೊಸೆಕೆಂಡು ಕಾದು ಆಲಿಸಿದರೆ ಕೇಳುವುದು ಲೋಹದ ದನಿ ಮಾತ್ರ. ಆದರೆ ಯಾವ ಲೋಹವೆಂದು ಯಂತ್ರ ಹೇಳಲಾರದು. ತಂಪುಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಕೊಂಡಿಯೂ ಮದುವೆಯ ಉಂಗುರವೂ ಅದಕ್ಕೆ ಹೆಚ್ಚುಕಡಿಮೆ ಒಂದೇ. ತೆಳುವಾದ ಸರವಂತೂ ಇನ್ನೂ ಕಷ್ಟ, ಏಕೆಂದರೆ ಒಂದೊಂದು ಕೊಂಡಿಯೂ ಅದಕ್ಕೆ ಬೇರೆ ಬೇರೆ ಸಣ್ಣ ಚೂರಿನಂತೆ. ನನ್ನ ಅತ್ತಿಗೆಯ ಕರಿಮಣಿ ಮಲ್ಪೆಯ ಅಲೆಯಲ್ಲಿ ಹೋದಾಗ ‘ಯಂತ್ರ ತರಿಸಿದ್ದರೆ ಸಿಗುತ್ತಿತ್ತೇನೋ’ ಎಂದು ಮನೆಯವರೆಲ್ಲ ಹಲುಬಿದ್ದುಂಟು. ಸಿಕ್ಕಿದ್ದರೂ ಸರದ ಎಳೆಯಿಂದಲ್ಲ, ತಾಳಿಬೊಟ್ಟಿನಿಂದ ಸಿಗಬೇಕಿತ್ತು.

ಕಳೆದವರಿಗೆ ಉಂಗುರ ಮರಳುವುದರಲ್ಲಿ ಯಾರಿಗೂ ತಕರಾರಿಲ್ಲ. ಅದೇ ಯಂತ್ರ ಮುಳುಗಿದ ಹಳೆಯ ಹಡಗಿನ ಮೇಲೆ ಆಡತೊಡಗಿದಾಗ ಮಾತು ಬೇರೆಯಾಗುತ್ತದೆ. 1715ರ ಜುಲೈಯಲ್ಲಿ ಸ್ಪೇನಿನ ನಿಧಿನೌಕೆಗಳು ಫ್ಲಾರಿಡಾ ತೀರದಲ್ಲಿ ಚಂಡಮಾರುತಕ್ಕೆ ಬಲಿಯಾದವು. ಸುಮಾರು ಎರಡೂವರೆ ಶತಮಾನಗಳ ನಂತರ, ಮನೆ ಕಟ್ಟಿಸುವ ವೃತ್ತಿಯ ಕಿಪ್ ವ್ಯಾಗ್ನರ್ ಸೇನೆ ಮಾರಿದ ಹಳೆಯ ನೆಲಬಾಂಬ್ ಶೋಧಕ ಹಿಡಿದು ಅಲ್ಲಿ ನಾಣ್ಯ ಹುಡುಕಿದ. ಅದರ ಜಾಡಿನಲ್ಲಿ ಹಡಗುಗಳೇ ಸಿಕ್ಕವು. 1622ರಲ್ಲಿ ಮುಳುಗಿದ ‘ಅಟೋಚಾ’ದ ಬೆನ್ನುಹತ್ತಿದ ಮೆಲ್ ಫಿಶರ್ 1975ರಲ್ಲಿ ಮಗನನ್ನೂ ಸೊಸೆಯನ್ನೂ ಕಡಲಿಗೆ ಕಳೆದುಕೊಂಡ, 1985ರಲ್ಲಿ ನಿಧಿ ಪಡೆದ. ಹಡಗಿನ ಪ್ರೊಪೆಲರ್‌ ಎಬ್ಬಿಸಿದ ನೀರಿನ ರಭಸವನ್ನು ಕೆಳಮುಖವಾಗಿಸಿ ತಳದ ಮರಳನ್ನು ಗುಂಡಿಗಳಾಗಿ ಚದುರಿಸುತ್ತಿದ್ದ ಆತನ ವಿಧಾನವನ್ನು ಸಾಹಸವೆಂದು ಮೆಚ್ಚಲು ನನಗೆ ಮನಸ್ಸಾಗದು. ಯಾವ ವಸ್ತು ಯಾವುದರ ಪಕ್ಕದಲ್ಲಿ ಬಿದ್ದಿತ್ತು ಎಂಬುದೇ ಪುರಾತತ್ವಜ್ಞನ ಪಾಲಿನ ಬರಹ. ಅದು ಒಮ್ಮೆ ಕಲಕಿದರೆ ಮತ್ತೆ ಓದಲಾಗದು.

ಬ್ರಿಟನ್ನಿನಲ್ಲಿ ಹಡಗಿನ ಅವಶೇಷ ಸಿಕ್ಕರೆ 28 ದಿನಗಳೊಳಗೆ ‘ರಿಸೀವರ್ ಆಫ್ ರೆಕ್’ ಎಂಬ ಅಧಿಕಾರಿಗೆ ತಿಳಿಸಬೇಕು. ನೂರು ವರ್ಷ ನೀರಿನಡಿ ಉಳಿದ ಪರಂಪರೆಯನ್ನು ಮಾರಾಟದ ಸರಕಾಗಿಸಬಾರದೆಂದು ಯುನೆಸ್ಕೊದ 2001ರ ಒಪ್ಪಂದ ಹೇಳುತ್ತದೆ. ನಮ್ಮ ನಿಧಿ ಕಾಯ್ದೆಯೋ 1878ರದು. ಹತ್ತು ರೂಪಾಯಿಗೆ ಮೀರಿದ ನಿಧಿ ಸಿಕ್ಕರೆ ಕಲೆಕ್ಟರರಿಗೆ ತಿಳಿಸಬೇಕೆನ್ನುವ ಆ ಕಾಯ್ದೆಯ ಮಾತೆಲ್ಲ ಮಣ್ಣಿನಲ್ಲಿ ಅಡಗಿದ ವಸ್ತುವಿನ ಕುರಿತು. ಅಲೆಯ ಕೆಳಗಿನ ಮರಳು ಅದನ್ನು ಬರೆದವರ ಮನಸ್ಸಿನಲ್ಲಿ ಇದ್ದಂತಿಲ್ಲ.

ಗೋವಾದ ಸುಂಚಿ ದಿಬ್ಬದಲ್ಲಿ ಹದಿನೇಳನೆಯ ಶತಮಾನದ ಪೋರ್ಚುಗೀಸ್ ಹಡಗೊಂದರ ಅವಶೇಷವನ್ನು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ತಜ್ಞರು ಶೋಧಿಸಿದರು. ಅಲ್ಲಿ ಫಿರಂಗಿಗಳಿದ್ದವು, ಜೊತೆಗೆ ಆನೆದಂತ, ನೀರಾನೆಯ ಹಲ್ಲು, ಚೀನಾದ ಪಿಂಗಾಣಿ ಚೂರುಗಳೂ ಇದ್ದವು. ಆಫ್ರಿಕಾ ಮತ್ತು ಚೀನಾದ ಸರಕು ನಮ್ಮ ಪಶ್ಚಿಮ ಕರಾವಳಿಯಲ್ಲಿ ಕೂಡುತ್ತಿದ್ದ ಕಥೆಯನ್ನು ಹೇಳುವುದು ಈ ದಂತ, ಹಲ್ಲು, ಚೂರುಗಳೇ. ಲೋಹಶೋಧಕಕ್ಕೆ ಕೇಳಿಸುವುದು ಫಿರಂಗಿ ಮಾತ್ರ.