ನಿದ್ದೆ ಬಾರದ ರೋಗಿಯ ಬಳಿ ಯಾರಿದ್ದಾರೆ?

(ಜುಮಾ ಖುತ್ಬಾದ ಸಾರಾಂಶ)

ಒಂದು ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತು ಕೇಳಿಬಂದ ಮೊದಲ ವಾರ ಆ ಮನೆಯ ಬಾಗಿಲು ಮುಚ್ಚುವುದೇ ಇಲ್ಲ. ನೆಂಟರು, ನೆರೆಯವರು, ಜಮಾಅತಿನವರು ಬರುತ್ತಾರೆ. ಹಣ್ಣು ಕೊಟ್ಟು, ದುಆ ಮಾಡಿ ಹೋಗುತ್ತಾರೆ. ಆದರೆ ಈ ರೋಗದ ಚಿಕಿತ್ಸೆ ವಾರದಲ್ಲಿ ಮುಗಿಯುವಂಥದ್ದಲ್ಲ. ಕಿಮೋ, ರೇಡಿಯೇಶನ್, ಶಸ್ತ್ರಚಿಕಿತ್ಸೆ, ಮತ್ತೆ ಮತ್ತೆ ಸ್ಕ್ಯಾನ್ ಎಂದು ತಿಂಗಳುಗಟ್ಟಲೆ ನಡೆಯುತ್ತದೆ. ಅಷ್ಟರಲ್ಲಿ ಬರುವವರು ಕಡಿಮೆಯಾಗಿರುತ್ತಾರೆ. ರೋಗಿಗೆ ಗೆಳೆಯರು ನಿಜವಾಗಿ ಬೇಕಾಗುವುದು ಆಗ. ಅದರಲ್ಲೂ ಊರೆಲ್ಲ ಮಲಗಿದ ಮೇಲೆ.

ರಾತ್ರಿ ಏಕೆ ಅಷ್ಟು ಉದ್ದ?

ಕ್ಯಾನ್ಸರ್ ರೋಗಿಗಳಿಗೆ ನಿದ್ದೆ ಬಾರದಿರಲು ಅನೇಕ ಕಾರಣಗಳಿವೆ. ನೋವು ಒಂದು. ಕಿಮೋ ಜೊತೆಗೆ ವಾಂತಿ ತಡೆಯಲೆಂದು ಕೊಡುವ ಡೆಕ್ಸಾಮೆಥಾಸೋನ್‌ನಂತಹ ಸ್ಟೀರಾಯ್ಡ್ ಮಾತ್ರೆ ನಿದ್ದೆ ಕೆಡಿಸುತ್ತದೆ. ಸ್ತನ ಕ್ಯಾನ್ಸರಿಗೆ ಹಾರ್ಮೋನ್ ಚಿಕಿತ್ಸೆ ಪಡೆಯುವ ಅನೇಕ ಸಹೋದರಿಯರಿಗೆ ನಡುರಾತ್ರಿ ಮೈ ಬಿಸಿಯೇರಿ ಬೆವರುತ್ತದೆ. ಹಗಲೆಲ್ಲ ಆಯಾಸದಿಂದ ಮಲಗಿದವರಿಗೆ ರಾತ್ರಿ ಕಣ್ಣು ಹತ್ತುವುದಿಲ್ಲ. ಇವೆಲ್ಲದರ ಮೇಲೆ ಚಿಂತೆ: ಮಗಳ ಮದುವೆ, ಮಾಡಿದ ಸಾಲ, ಮುಂದಿನ ಸ್ಕ್ಯಾನ್, ಮರಣ.

ಆದ್ದರಿಂದ ನಿದ್ದೆಯಿಲ್ಲದಿರುವುದನ್ನು ಈಮಾನಿನ ಕೊರತೆ ಎಂದು ಯಾರೂ ಭಾವಿಸಬಾರದು. ಅದನ್ನು ವೈದ್ಯರಿಗೆ ಹೇಳಬೇಕು. ಸ್ಟೀರಾಯ್ಡ್ ಮಾತ್ರೆಯನ್ನು ಬೆಳಗ್ಗೆ ತೆಗೆದುಕೊಳ್ಳಬಹುದೇ ಎಂದು ಕೇಳಬೇಕು. ನೋವಿನ ಮಾತ್ರೆಯನ್ನು ನೋವು ಏರುವವರೆಗೆ ಕಾಯದೆ ಹೇಳಿದ ಹೊತ್ತಿಗೆ ಸರಿಯಾಗಿ ನುಂಗಬೇಕು. ಮಾರ್ಫಿನ್ ನಶೆಯ ವಸ್ತುವಲ್ಲವೇ ಎಂದು ಕೆಲವರು ಅದನ್ನು ಮುಟ್ಟದೆ ನರಳುತ್ತಾರೆ. ತೀವ್ರ ನೋವಿಗೆ ವೈದ್ಯರು ಅಳೆದು ಕೊಡುವ ಮಾರ್ಫಿನ್ ಔಷಧಿಯೇ ಹೊರತು ಮೋಜಿನ ವಸ್ತುವಲ್ಲ; ಅನಿವಾರ್ಯ ಸ್ಥಿತಿಯಲ್ಲಿ ಅದಕ್ಕೆ ಅನುಮತಿಯಿದೆ ಎಂದು ಫಿಕ್ಹ್ ವಿದ್ವಾಂಸರು ಹೇಳಿದ್ದಾರೆ. ರೋಗಿಗಳಿಗೆ ಅದು ಸುಲಭವಾಗಿ ಸಿಗಲೆಂದು 2014ರಲ್ಲಿ ನಮ್ಮ ದೇಶದ ಕಾನೂನನ್ನೂ ತಿದ್ದಲಾಯಿತು.

ಸಬ್ರ್ ಎಂದರೆ ಬಾಯಿ ಮುಚ್ಚಿಕೊಳ್ಳುವುದಲ್ಲ

ರೋಗಿ ನೋವೆಂದ ಕೂಡಲೇ ಸಬ್ರ್ ಮಾಡು ಎಂದುಬಿಡುವುದು ನಮ್ಮ ಅಭ್ಯಾಸ. ಮಾತು ಒಳ್ಳೆಯದೇ. ಆದರೆ ಎಷ್ಟೋ ಸಲ ಅದು ರೋಗಿಯ ಬಾಯಿ ಮುಚ್ಚಿಸುತ್ತದೆ. ಸಹೀಹುಲ್ ಬುಖಾರಿಯ ರೋಗಿಗಳ ಅಧ್ಯಾಯದಲ್ಲಿ, ತನಗೆ ನೋವಾಗುತ್ತಿದೆ ಎಂದು ರೋಗಿ ಹೇಳಬಹುದು ಎಂಬುದಕ್ಕಾಗಿಯೇ ಒಂದು ಶೀರ್ಷಿಕೆಯಿದೆ. ಹಝ್ರತ್ ಆಯಿಶಾ(ರ) ತಲೆನೋವೆಂದು ನರಳಿದಾಗ ಪ್ರವಾದಿ(ಸ)ರು ಗದರಲಿಲ್ಲ. ತಮ್ಮ ತಲೆಯೂ ನೋಯುತ್ತಿದೆ ಎಂದರು. ಜ್ವರದಲ್ಲಿದ್ದ ಪ್ರವಾದಿ(ಸ)ರನ್ನು ಇಬ್ನ್ ಮಸ್‌ಊದ್(ರ) ಮುಟ್ಟಿ ನೋಡಿ ವಿಚಾರಿಸಿದಾಗ, ತಮ್ಮ ಜ್ವರ ಇಬ್ಬರ ಜ್ವರದಷ್ಟು ತೀವ್ರವಾಗಿದೆ ಎಂದು ಅವರೇ ತಿಳಿಸಿದರು. ಪುತ್ರಶೋಕದಿಂದ ಕಣ್ಣಿನ ಬೆಳಕನ್ನೇ ಕಳೆದುಕೊಂಡ ಯಅಕೂಬ್(ಅ) ಸಹನೆಯ ಮಾದರಿಯೇ ಆಗಿದ್ದರು. ಅಲ್ಲಾಹನ ತೀರ್ಪನ್ನು ದೂಷಿಸುವುದು ಬೇರೆ, ನೋವನ್ನು ಹೇಳಿಕೊಳ್ಳುವುದು ಬೇರೆ.

ಗೆಳೆತನದ ಹಕ್ಕು

ಅಂತ್ಯದಿನದಂದು ಅಲ್ಲಾಹನು ದಾಸನನ್ನು ಮೂರು ವಿಷಯ ಕೇಳುವನೆಂದು ಸಹೀಹ್ ಮುಸ್ಲಿಮ್‌ನ ಹದೀಸೊಂದು ತಿಳಿಸುತ್ತದೆ. ಹಸಿದವನಿಗೆ ಉಣಿಸಿದ್ದರೆ, ಬಾಯಾರಿದವನಿಗೆ ಕುಡಿಸಿದ್ದರೆ ಅದರ ಪ್ರತಿಫಲ ಅಲ್ಲಾಹನ ಬಳಿ ಸಿಗುತ್ತಿತ್ತು. ರೋಗಿಯ ವಿಷಯ ಬಂದಾಗ ಮಾತು ಬದಲಾಗುತ್ತದೆ: ಅವನನ್ನು ನೋಡಲು ಹೋಗಿದ್ದರೆ ಅಲ್ಲಾಹನನ್ನೇ ಅವನ ಬಳಿ ಕಾಣುತ್ತಿದ್ದೆ. ರೋಗಿಯ ಮಂಚದ ಪಕ್ಕದ ಸ್ಥಾನ ಎಷ್ಟು ದೊಡ್ಡದು ಎಂಬುದನ್ನು ನಾವು ಇದರಿಂದ ತಿಳಿಯಬೇಕು. ಸಂಜೆ ರೋಗಿಯನ್ನು ಭೇಟಿಯಾದವನಿಗಾಗಿ ಮಲಕುಗಳು ಬೆಳಗಿನವರೆಗೆ ಪ್ರಾರ್ಥಿಸುತ್ತಾರೆ ಎಂಬ ಹದೀಸೂ ಇದೆ.

ಹಾಗಾದರೆ ನಾವು ಮಾಡಬೇಕಾದುದೇನು?

ಮೊದಲನೆಯದು, ರೋಗಿಯನ್ನು ನೋಡಿಕೊಳ್ಳುವವರಿಗೆ ನಿದ್ದೆ ಕೊಡಿಸುವುದು. ಹೆಚ್ಚಿನ ಮನೆಗಳಲ್ಲಿ ರೋಗಿಯೊಂದಿಗೆ ರಾತ್ರಿಯಿಡೀ ಎದ್ದಿರುವವಳು ಹೆಂಡತಿ, ಸೊಸೆ ಅಥವಾ ಮಗಳು. ಬೆಳಗ್ಗೆ ಅಡುಗೆಮನೆಯೂ ಅವಳದೇ. ಮನೆಯವರು ಒಪ್ಪಿದರೆ ಗಂಡಸರ ಬಳಿ ಗಂಡಸರು, ಹೆಂಗಸರ ಬಳಿ ಹೆಂಗಸರು ವಾರಕ್ಕೊಂದು ರಾತ್ರಿಯಂತೆ ಪಾಳಿ ಹಾಕಿಕೊಳ್ಳಲಿ. ಅದು ಆಗದಿದ್ದರೆ ಮರುದಿನದ ಊಟ ಕಳುಹಿಸಲಿ.

ಎರಡನೆಯದು, ಹೋದಲ್ಲಿ ಮಾತು ಕಡಿಮೆ ಮಾಡುವುದು. ಇದೇ ರೋಗದಿಂದ ತೀರಿಕೊಂಡವರ ಕಥೆ ಬೇಡ. ವಾಟ್ಸ್‌ಆ್ಯಪ್‌ನಲ್ಲಿ ಬಂದ ಮನೆಮದ್ದೂ ಬೇಡ. ಸುಮ್ಮನೆ ಕುಳಿತುಕೊಳ್ಳುವುದೂ ಗೆಳೆತನವೇ.

ಮೂರನೆಯದು, ಎಚ್ಚರ. ಕ್ಯಾನ್ಸರ್ ಅಂಟುರೋಗವಲ್ಲ, ರೋಗಿಯ ತಟ್ಟೆ ಲೋಟ ಬೇರೆಯಿಟ್ಟು ಅವರ ಮನಸ್ಸು ನೋಯಿಸಬಾರದು. ನಮ್ಮ ಶೀತ, ಜ್ವರ ಮಾತ್ರ ಅವರಿಗೆ ಅಪಾಯ. ಕಿಮೋದಿಂದ ದೇಹದ ರೋಗನಿರೋಧಕ ಶಕ್ತಿ ಕುಗ್ಗಿರುತ್ತದೆ. ಮೈ ಸರಿಯಿಲ್ಲದಾಗ ಫೋನ್ ಮಾಡಿದರೆ ಸಾಕು.

ಇದು ಆಗದ ಕೆಲಸವಲ್ಲ. ನೆರೆಯ ರಾಜ್ಯದ ಮಲಪ್ಪುರಂ ಜಿಲ್ಲೆಯಲ್ಲಿ ಸುಮಾರು 2000ದ ಹೊತ್ತಿಗೆ ಸಾಮಾನ್ಯ ಜನರೇ ತರಬೇತಿ ಪಡೆದು ಇಂಥ ರೋಗಿಗಳ ಮನೆಗೆ ಹೋಗಿ ಆರೈಕೆ ಮಾಡತೊಡಗಿದರು. 2008ರಲ್ಲಿ ಕೇರಳ ಸರಕಾರ ಇಂತಹ ಆರೈಕೆಯನ್ನು ತನ್ನ ನೀತಿಯಾಗಿ ಒಪ್ಪಿಕೊಂಡಿತು. ಬೆಂಗಳೂರಿನ ಕರುಣಾಶ್ರಯವು ಗುಣವಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಆರೈಕೆ ಮಾಡುತ್ತದೆ. ನಮ್ಮ ಮಸೀದಿಗಳ ಸುತ್ತಲೂ ಹತ್ತು ಜನ ಮುಂದೆ ಬಂದರೆ ಸಾಕು.

ಎಚ್ಚರವಿರುವ ರೋಗಿಗೆ

ತಹಜ್ಜುದ್‌ಗೆ ಏಳಲಾಗುತ್ತಿಲ್ಲವೆಂದು ಕೊರಗಬೇಡಿ. ಆರೋಗ್ಯದಲ್ಲಿದ್ದಾಗ ಮಾಡುತ್ತಿದ್ದ ಸತ್ಕರ್ಮಗಳು ರೋಗದ ದಿನಗಳಲ್ಲೂ ಬರೆಯಲ್ಪಡುತ್ತವೆ ಎಂಬುದು ಪ್ರವಾದಿ(ಸ)ರ ಶುಭವಾರ್ತೆ. ನಿಂತು ಆಗದಿದ್ದರೆ ಕುಳಿತು, ಅದೂ ಆಗದಿದ್ದರೆ ಮಲಗಿ ನಮಾಝ್ ಮಾಡಬಹುದೆಂದು ಇಮ್ರಾನ್ ಬಿನ್ ಹುಸೈನ್(ರ)ರಿಗೆ ಅವರು ಕಲಿಸಿದರು. ನೋಯುವ ಜಾಗದ ಮೇಲೆ ಕೈಯಿಟ್ಟು ಬಿಸ್ಮಿಲ್ಲಾಹ್ ಹೇಳಿ ಅಲ್ಲಾಹನ ಅಭಯ ಯಾಚಿಸಿ. ಕೈ ಎತ್ತಲಾಗದಿದ್ದರೆ ಬೇರೊಬ್ಬರು ಓದಲಿ. ಪ್ರವಾದಿ(ಸ)ರ ಕೊನೆಯ ಕಾಯಿಲೆಯಲ್ಲಿ ಆಯಿಶಾ(ರ) ತಾವೇ ಅಭಯದ ಸೂರಾಗಳನ್ನು ಓದಿ, ಪ್ರವಾದಿ(ಸ)ರ ಕೈಯನ್ನೇ ಹಿಡಿದು ಅವರ ಮೈಮೇಲೆ ಸವರುತ್ತಿದ್ದರು. ಲೋಕದ ಅತಿಶ್ರೇಷ್ಠ ಮನುಷ್ಯನಿಗೂ ಆ ಹೊತ್ತಿನಲ್ಲಿ ಇನ್ನೊಬ್ಬರ ಆಸರೆ ಬೇಕಾಯಿತು. ಹಾಗಿರುವಾಗ ನೀವು ಕರೆಯಲು ಸಂಕೋಚಪಡಬೇಡಿ. ಕರೆದಾಗ ಏಳಲು ನಾವು ಸೋಮಾರಿಗಳಾಗದಿರೋಣ.

ಅಲ್ಲಾಹನು ರೋಗಿಗಳೆಲ್ಲರಿಗೂ ಶಿಫಾ ಕೊಡಲಿ, ಅವರ ರಾತ್ರಿಗಳನ್ನು ಹಗುರಗೊಳಿಸಲಿ, ನಮ್ಮನ್ನು ಅವರ ಗೆಳೆಯರನ್ನಾಗಿಸಲಿ. ಆಮೀನ್.